ಬೋರಿಂಗಿಗೆ ಬಳಿದ ಕೆಂಪು ಬಣ್ಣ

ಮೊಮ್ಮಗಳು ಚೈತ್ರ ಶಾಲೆಯಿಂದ ತಂದ ಪುಸ್ತಕದಲ್ಲಿ ಕಂದು ಗೆರೆ ಬಿದ್ದ ಹಲ್ಲಿನ ಚಿತ್ರವೊಂದಿದೆ. ಹಿಂದಿನ ಕಾಲದ ರೋಗಗಳ ಗುಟ್ಟನ್ನು ಮಕ್ಕಳಿಗೆ ಬಿಡಿಸಿ ಹೇಳುವ ಪುಸ್ತಕ. ನಾನು ನಾಲ್ಕನೇ ಕ್ಲಾಸಿಗೇ ಓದು ಬಿಟ್ಟವಳು. ಒತ್ತಕ್ಷರ ಬಂದ ಕಡೆ ಗಾಡಿ ಹಳ್ಳಕ್ಕಿಳಿದ ಹಾಗೆ ನಿಂತುಬಿಡುತ್ತೇನೆ. ಅದಕ್ಕೇ ಅವಳೇ ಓದಿ ಹೇಳಿದಳು.

"ಯಾವುದೋ ದೇಶದ ಊರಲ್ಲಿ ಮಕ್ಕಳ ಹಲ್ಲೆಲ್ಲ ಕಂದಾಗ್ತಿತ್ತಂತೆ ಅಜ್ಜಿ. ಡಾಕ್ಟರು ವರ್ಷಗಟ್ಟಲೆ ತಲೆ ಕೆಡಿಸ್ಕೊಂಡ್ರಂತೆ. ಕೊನೆಗೆ ನೋಡಿದ್ರೆ ಕುಡಿಯೋ ನೀರಲ್ಲಿ ಫ್ಲೋರೈಡು. ಎಂಥ ರಹಸ್ಯ ಅಲ್ವಾ?"

ಮೈ ಉರಿಯಿತು. ಪುಸ್ತಕದ ಮೇಲಲ್ಲ, ಆ ರಹಸ್ಯ ಅನ್ನುವ ಮಾತಿನ ಮೇಲೆ. ಆ ಡಾಕ್ಟರಿಗೆ ಗೊತ್ತಿರಲಿಲ್ಲ, ಹುಡುಕಿದರು. ನಮಗೆ ಗೊತ್ತಿತ್ತು.

ಪಾವಗಡದ ಕಡೆ ನನ್ನ ತವರೂರು. ತಮ್ಮ ರಂಗ ಹುಟ್ಟಿದ ವರ್ಷ ನಮ್ಮ ಬೀದಿಗೆ ಕೈಪಂಪಿನ ಬೋರಿಂಗು ಬಂತು. ನನ್ನ ಹಲ್ಲು ಅಷ್ಟರಲ್ಲಿ ಬಂದಾಗಿತ್ತು, ಬೆಳ್ಳಗೇ ಉಳಿಯಿತು. ಮದುವೆಗೆ ನೋಡಲು ಬಂದವರೂ ಅದನ್ನೇ ಹೊಗಳಿದರು, ಹೊಗಳಲು ಬೇರೇನೂ ಸಿಕ್ಕಿರಲಿಕ್ಕಿಲ್ಲ. ರಂಗನಿಗೆ ಹಾಲುಹಲ್ಲು ಬಿದ್ದು ಕಂದು ಹಲ್ಲು ಬಂದವು. ಓಡಿದರೆ ಮಂಡಿಗೆ ಮಂಡಿ ಬಡಿಯುತ್ತಿತ್ತು. ನೀರು ಪರೀಕ್ಷೆಯವರು ಬಂದು ಬೋರಿಂಗಿಗೆ ಕೆಂಪು ಬಳಿದು 'ಕುಡಿಯಬಾರದು' ಎಂದು ಬರೆದು ಹೋದರು.

ಅವ್ವ ಆ ಶುಕ್ರವಾರವೂ ಅದಕ್ಕೆ ಅರಿಶಿನ ಕುಂಕುಮ ಇಟ್ಟಳು. "ಗಂಗಮ್ಮಂಗೆ ಕೆಂಪು ಒಪ್ತದೆ" ಅಂದಳು. ಮನೆಯಲ್ಲಿ ಓದಲು ಬರುತ್ತಿದ್ದವಳು ನಾನೊಬ್ಬಳೇ. ಓದಿ ಹೇಳಿದೆ.

ಅಪ್ಪ ಕೇಳಿದ, "ಇನ್ನೆಲ್ಲಿಂದ ತತ್ತೀಯ? ಕಾಲೋನಿ ಬಾವಿಯಿಂದ್ಲಾ? ಜಾತಿ ಕೆಡಿಸ್ಕೊಂಡು ಬದುಕ್ಬೇಕಾ?"

ದಲಿತರ ಕಾಲೋನಿಯ ಸೇದುವ ಬಾವಿ ಬತ್ತಿರಲಿಲ್ಲ. ಅದರ ನೀರು ಕುಡಿಯುವ ಮಕ್ಕಳ ಕಾಲು ನೆಟ್ಟಗಿದ್ದವು. ಊರಿಗೆ ಊರೇ ದಿನಾ ಕಂಡದ್ದು. ಇದರಲ್ಲಿ ರಹಸ್ಯ ಯಾವುದು, ನೀವೇ ಹೇಳಿ.

ಇನ್ನು ನನ್ನ ಕಥೆ. ಕಡಲೆಕಾಯಿ ಹೊಲಕ್ಕೆ ಕಳೆ ಕೀಳಲು ಹೋದಾಗ ಕಾಲೋನಿಯ ಹನುಮಕ್ಕ ನನ್ನ ಪಕ್ಕದ ಸಾಲು. ಒಂದು ಮಧ್ಯಾಹ್ನ ಬಾಯಾರಿ ಅವಳ ಬಿಂದಿಗೆ ನೋಡಿದೆ.

"ಬೊಗಸೆ ಒಡ್ಡೇ. ನಿಮ್ಮನೇಲಿ ನಂಗೆ ಮೇಲಿಂದ ಹುಯ್ತೀರ, ಇವತ್ತು ನಿಂಗೆ ನಾನು ಹುಯ್ತೀನಿ. ನಿಮ್ಮಪ್ಪಂಗೆ ಯೋಳಲ್ಲ ಬುಡು" ಅಂದು ನಕ್ಕಳು.

ಅಷ್ಟು ಸಿಹಿ ನೀರು ಅಲ್ಲಿಯವರೆಗೆ ಕುಡಿದಿರಲಿಲ್ಲ. ಆಮೇಲೆ ದಿನಾ ಹೊಟ್ಟೆ ತುಂಬ ಕುಡಿದೆ, ವರ್ಷಗಟ್ಟಲೆ. ಸಂಜೆ ಅದೇ ಬಾವಿಯ ಪಕ್ಕದ ದಾರಿಯಲ್ಲಿ, ಮಜ್ಜಿಗೆ ಒಯ್ದ ಖಾಲಿ ತಂಬಿಗೆ ಹಿಡಿದು ಮನೆಗೆ ಬರುತ್ತಿದ್ದೆ. ಒಂದು ದಿನವೂ ತುಂಬಿಸಲಿಲ್ಲ. ಎಲ್ಲಿಂದ ತಂದೆ ಅಂತ ಕೇಳಿದರೆ ನಾನು ಕುಡಿದದ್ದೂ ಗೊತ್ತಾಗುತ್ತದೆ, ಆ ಭಯ. ಅಪ್ಪನನ್ನು ಎಷ್ಟು ಬೈದರೂ ನನಗೆ ಸಾಲದು. ಆದರೆ ತಂಬಿಗೆ ಇದ್ದದ್ದು ನನ್ನ ಕೈಯಲ್ಲಿ.

ರಂಗ ಈಗ ನಮ್ಮ ಮನೆಯಲ್ಲೇ ಇದ್ದಾನೆ. ಕತ್ತು ತಿರುಗುವುದಿಲ್ಲ, ಕರೆದರೆ ಇಡೀ ಮೈ ತಿರುಗಿಸುತ್ತಾನೆ. ಜಗಲಿಯ ಮೇಲೆ ಕೂತು ಚೈತ್ರ ಓದಿದ್ದನ್ನೆಲ್ಲ ಕೇಳಿಸಿಕೊಂಡಿದ್ದ. ಹೋಗಿ ಪಕ್ಕದಲ್ಲಿ ಕೂತು ಎಲ್ಲ ಹೇಳಿಬಿಟ್ಟೆ.

"ಗೊತ್ತಿತ್ತು ಕಣಕ್ಕ" ಅಂದ. "ಬಿಸ್ಲಲ್ಲಿ ಕಳೆ ಕಿತ್ತು ಬಂದೋಳು ಒಂದಿನಾನೂ ನೀರು ಕೇಳ್ತಿರ್ಲಿಲ್ಲ. ಅದನ್ನ ಕಂಡುಹಿಡಿಯಕ್ಕೆ ಡಾಕ್ಟ್ರು ಬೇಕಾ?"

"ಮತ್ತೆ ನಂಗೂ ತತ್ತಾ ಅಂತ ಯಾಕೋ ಕೇಳ್ಲಿಲ್ಲ?"

"ನಾಳೆ ತತ್ತೀಯ ಅನ್ಕೊಂಡಿದ್ದೆ."

ಚೈತ್ರ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಿಮ್ಮ ಮೇಷ್ಟ್ರಿಗೆ ಹೇಳು, ನಾಳೆ ನಾನೂ ರಂಗತಾತನೂ ಶಾಲೆಗೆ ಬತ್ತೀವಿ" ಅಂದೆ. "ಬೋರಿಂಗಿನ ವಿಷಯ, ಹನುಮಕ್ಕನ ವಿಷಯ ನಾನೇ ಹೇಳ್ತೀನಿ."

"ನಾನ್ಯಾಕೆ?" ಅಂದ ರಂಗ. "ನನ್ನ ಕಾಲು ತೋರ್ಸಕ್ಕಾ?"

"ನಿನ್ನ ನಡಿಗೆ ಒಂದನ್ನೇ ನೋಡಿದ್ರೆ ಮಕ್ಳು ಅದನ್ನೂ ರಹಸ್ಯ ಅಂತಾವೆ. ಪಕ್ಕದಲ್ಲೇ ನನ್ನ ನೆಟ್ಟಗಿನ ನಡಿಗೇನೂ ನೋಡ್ಲಿ."