ಮೂರು ಭಾನುವಾರ ಓದಿದ ಹೆಸರು

ಮುಲುಂಡಿನ ಆ ಕನ್ನಡ ಕ್ರೈಸ್ತ ಸಭೆಗೆ ಸ್ವಂತ ದೇವಾಲಯವಿರಲಿಲ್ಲ. ಸ್ಟೇಷನ್ ಹತ್ತಿರದ ಶಾಲೆಯೊಂದರ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಎಂಬತ್ತು ಮನೆಯವರು ಸೇರುತ್ತಿದ್ದರು. ಬೀದರ್, ಹುಮನಾಬಾದ್ ಕಡೆಯಿಂದ ಎರಡು ಮೂರು ತಲೆಮಾರಿನ ಹಿಂದೆ ಮುಂಬೈಗೆ ಬಂದ ಕುಟುಂಬಗಳೇ ಹೆಚ್ಚು. ಸಭೆಯನ್ನು ನೋಡಿಕೊಳ್ಳಲು ನೇಮಿಸಿದ್ದ ಇಬ್ಬರು ಹಿರಿಯರಲ್ಲಿ ಒಬ್ಬರು ತೀರಿಕೊಂಡು, ರಿಟೈರಾದ ರೈಲ್ವೆ ಕ್ಲಾರ್ಕ್ ನೀಲಕಂಠಪ್ಪ ಒಬ್ಬರೇ ಉಳಿದಿದ್ದರು. ತೆರವಾದ ಜಾಗಕ್ಕೆ ಯಾರು ಎಂದಾಗ ಎಲ್ಲರ ಬಾಯಲ್ಲೂ ಬಂದದ್ದು ಶ್ರೀಮಂತನ ಹೆಸರು.

ಶ್ರೀಮಂತ ಲಿಫ್ಟ್ ಮೆಕ್ಯಾನಿಕ್. ವಯಸ್ಸು ಐವತ್ತನಾಲ್ಕು. ಮುಲುಂಡಿನ ಹತ್ತಾರು ಅಪಾರ್ಟ್‌ಮೆಂಟ್ ಸೊಸೈಟಿಗಳ ಲಿಫ್ಟುಗಳು ಅವನ ಕೈಯಲ್ಲಿದ್ದವು. ಯಾರಿಗೆ ಕಾಯಿಲೆಯಾದರೂ ಆಸ್ಪತ್ರೆಗೆ ಮೊದಲು ಓಡುವವನು ಅವನೇ, ಸತ್ತವರ ಮನೆಯಲ್ಲಿ ಕೊನೆಯವರೆಗೂ ನಿಲ್ಲುವವನೂ ಅವನೇ. ಮಾತು ಮೆತ್ತಗೆ. ಅವನು ದನಿ ಏರಿಸಿದ್ದನ್ನು ಸಭೆಯಲ್ಲಿ ಯಾರೂ ಕೇಳಿರಲಿಲ್ಲ.

ಹೊಸದಾಗಿ ಬಂದಿದ್ದ ಪಾಸ್ಟರ್ ನವೀನ ಮಾತ್ರ ಅವಸರ ಮಾಡಲಿಲ್ಲ.

"ಬ್ರದರ್, ಹಿರಿಯನ ಕೆಲಸ ಅಂದ್ರೆ ಮುಂದಿನ ಸಾಲಿನಲ್ಲಿ ಕೂರೋದಲ್ಲ. ಮೊದಲು ನಾಲ್ಕು ತಿಂಗಳು ಓದಿ" ಎಂದು ಒಂದು ಚೀಟಿ ಕೊಟ್ಟರು.

ಚೀಟಿಯಲ್ಲಿ ಮೊದಲು ಸತ್ಯವೇದದಲ್ಲಿ ಸಭಾಹಿರಿಯರ ಬಗ್ಗೆ ಇರುವ ಭಾಗಗಳು, ಆಮೇಲೆ ಮೂರು ಕನ್ನಡ ಪುಸ್ತಕಗಳು. ಒಂದು, ಹಿರಿಯ ಎಂದರೆ ಕುರುಬನೇ ಹೊರತು ಯಜಮಾನನಲ್ಲ ಎಂಬುದರ ಬಗ್ಗೆ. ಇನ್ನೊಂದು, ಸಭೆಯನ್ನು ಒಬ್ಬನೇ ಆಳದೆ ಹಲವರು ಕೂಡಿ ಏಕೆ ನಡೆಸಬೇಕು ಎಂಬುದರ ಬಗ್ಗೆ. ಮೂರನೆಯದು ಹಿರಿಯನ ಮನೆಯ ಬಗ್ಗೆ. ಅದು ಬಲು ತೆಳ್ಳಗಿತ್ತು. ಅದರ ಕೊನೆಯ ಹಾಳೆಯಲ್ಲಿ ಗಂಡ ಈ ಕೆಲಸಕ್ಕೆ ತಕ್ಕವನೆಂದು ಹೆಂಡತಿ ಸಹಿ ಮಾಡಬೇಕಾದ ಒಂದು ಜಾಗವಿತ್ತು.

ಶ್ರೀಮಂತ ಮುನಿಸಿಪಲ್ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ದಾಟಿರಲಿಲ್ಲ. ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಹುಮನಾಬಾದಿನಲ್ಲಿ ಹತ್ತನೆಯ ತರಗತಿ ಓದಿದ್ದ ಹೆಂಡತಿ ಚನ್ನವ್ವ ಸಂಜೆ ಅಡುಗೆ ಇಳಿಸಿ ಅವನಿಗೆ ಓದಿ ಹೇಳತೊಡಗಿದಳು. ಅವಳಿಗೆ ಬಲಗಿವಿ ಕೇಳಿಸುತ್ತಿರಲಿಲ್ಲ. ಹಳೆಯ ಜ್ವರದಲ್ಲಿ ಹೋಯಿತೆಂದು ಸಭೆಗೆಲ್ಲ ಗೊತ್ತಿತ್ತು. ಮಾತಾಡಿಸುವವರು ತಾವಾಗಿಯೇ ಅವಳ ಎಡಕ್ಕೆ ಬಂದು ನಿಲ್ಲುತ್ತಿದ್ದರು.

ಎರಡು ಪುಸ್ತಕ ಮುಗಿದವು. ದಾರಿ ತಪ್ಪಿದ ಕುರಿಯನ್ನು ಕೋಲಿನಿಂದ ಹೊಡೆದು ತರುವವನು ಕುರುಬನಲ್ಲ ಎಂಬ ಮಾತು ಬಂದಾಗ ಶ್ರೀಮಂತ "ಖರೆ ಅದ" ಎಂದು ತಲೆಯಾಡಿಸಿದ್ದ. ಮೂರನೆಯದರ ನಡುವೆ ಒಂದು ಸಂಜೆ ಚನ್ನವ್ವ ಓದುತ್ತ ಓದುತ್ತ ನಿಂತುಬಿಟ್ಟಳು.

"ಯಾಕ, ಮುಂದ ಓದು" ಎಂದ ಶ್ರೀಮಂತ.

ಅವಳು ಪುಸ್ತಕವನ್ನು ಅವನ ಕಡೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಇದೊಂದು ನೀವಾ ಓದ್ರಿ."

ಅವನು ಅಕ್ಷರ ಕೂಡಿಸಿ ಓದಿದ. ಹೊಡೆಯುವ ಕೈಯುಳ್ಳವನು ಹಿರಿಯನಾಗಬಾರದು, ಅದನ್ನು ಮೊದಲು ಅವನ ಮನೆಯವರನ್ನು ಕೇಳಿ ತಿಳಿಯಬೇಕು ಎಂದಿತ್ತು. ಓದಿ ಮುಗಿಸಿ ತಲೆ ಎತ್ತುವಷ್ಟರಲ್ಲಿ ಚನ್ನವ್ವ ಎದ್ದು ತಟ್ಟೆ ಹಾಕುತ್ತಿದ್ದಳು.

ಇಪ್ಪತ್ತೆರಡು ವರ್ಷಗಳ ಹಿಂದೆ ಅವರು ದಾದರ್‌ನ ಒಂದು ಚಾಳಿನಲ್ಲಿದ್ದರು. ಶ್ರೀಮಂತ ಆಗ ಕುಡಿಯುತ್ತಿದ್ದ. ಕುಡಿಯದ ದಿನವೂ ಕೈ ಎತ್ತುತ್ತಿದ್ದ. ಒಂದು ಮಧ್ಯಾಹ್ನ ಊಟ ತಡವಾಯಿತೆಂದು ಹೊಡೆದ ಏಟಿಗೆ ಅವಳ ಕಿವಿಯಿಂದ ರಕ್ತ ಬಂತು. ಡಾಕ್ಟರ ಮುಂದೆ "ಬಚ್ಚಲದಾಗ ಜಾರಿ ಬಿದ್ದಾಳ" ಎಂದ. ಕಿವಿ ಕೇಳಿಸದಾದ ಮೇಲೆ ನೆರೆಯವರಿಗೆ, ಸಭೆಯವರಿಗೆ ಜ್ವರದ ಕಥೆ ಹೇಳಿದ. ಚನ್ನವ್ವ ಅದನ್ನು ಸುಳ್ಳೆನ್ನಲಿಲ್ಲ. ಮಗಳು ಶ್ರೇಯಾಳಿಗೆ ಆಗ ಎರಡು ವರ್ಷ. ಅದಾಗಿ ಮೂರು ವರ್ಷಕ್ಕೆ ಶ್ರೀಮಂತ ಕುಡಿಯುವುದನ್ನು ಬಿಟ್ಟ, ಹೊಡೆಯುವುದನ್ನೂ ಬಿಟ್ಟ. ಬಿಟ್ಟಿದ್ದೇನೆ, ಮುಗಿದುಹೋಯಿತು ಎಂದುಕೊಂಡಿದ್ದ. ಹೆಂಡತಿಯ ಮುಂದೆ ಒಮ್ಮೆಯೂ ಅದರ ಮಾತೆತ್ತಿರಲಿಲ್ಲ.

ಪುಸ್ತಕ ಮುಗಿಯಿತು. ಸಹಿಯ ಜಾಗ ಖಾಲಿಯೇ ಉಳಿಯಿತು. ಅವನು ಕೇಳಲಿಲ್ಲ, ಅವಳು ಹಾಕಲಿಲ್ಲ. ಪಾಸ್ಟರ್ ಪುಸ್ತಕಗಳನ್ನು ಕೇಳಿದಾಗ "ಇನ್ನೊಮ್ಮಿ ಓದ್ತೀನ್ರಿ" ಎಂದು ತೇಲಿಸಿದ. ಪಾಸ್ಟರ್ ಮತ್ತೆ ಕೇಳಲಿಲ್ಲ.

ಮೊದಲ ಭಾನುವಾರ ಪಾಸ್ಟರ್ ಅವನ ಹೆಸರು ಓದಿದರು. "ಮೂರು ವಾರ ಈ ಹೆಸರು ಓದ್ತೇವೆ. ಯಾರಿಗಾದರೂ ಆಕ್ಷೇಪಣೆ ಇದ್ದರೆ ತಿಳಿಸಬೇಕು. ಇಲ್ಲದಿದ್ದರೆ ಮೂರನೇ ಭಾನುವಾರ ಇವರ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಹಿರಿಯರನ್ನಾಗಿ ನೇಮಿಸ್ತೇವೆ."

ಹೆಂಗಸರ ಸಾಲಿನಲ್ಲಿ ಚನ್ನವ್ವ ಸೆರಗು ಹೊದ್ದು ನೆಟ್ಟಗೆ ಕೂತಿದ್ದಳು. ಅವಳು ಏಳಬಹುದೆಂದು ಹೆದರಿ ಶ್ರೀಮಂತ ಅತ್ತಲೇ ನೋಡುತ್ತಿದ್ದ. ಅವಳು ಏಳಲಿಲ್ಲ. ಆದರೆ ಹೊರಗೆ ಜನ ಅಭಿನಂದಿಸಲು ಸುತ್ತುವರಿದಾಗ ಅವಳು ಒಬ್ಬಳೇ ರಿಕ್ಷಾ ಹತ್ತಿ ಮನೆಗೆ ಹೋಗಿಬಿಟ್ಟಿದ್ದಳು.

ಆ ವಾರ ಅವನಿಗೆ ಕೆಲಸದ ಮೇಲೆ ಗಮನವಿರಲಿಲ್ಲ. ಹನ್ನೊಂದನೆಯ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿಟ್ಟು ಮೇನ್ ಸ್ವಿಚ್ ಆಫ್ ಮಾಡುವುದನ್ನೇ ಮರೆತ. ವಾಚ್‌ಮನ್ ಕೂಗಿ ಹೇಳದಿದ್ದರೆ ಕೈ ಹೋಗುತ್ತಿತ್ತು. ಎರಡನೆಯ ಭಾನುವಾರ ಮತ್ತೆ ಹೆಸರು ಓದಿದರು. ಮತ್ತೆ ಯಾರೂ ಏಳಲಿಲ್ಲ. ಮರುದಿನ ಅವನು ನೀಲಕಂಠಪ್ಪನವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದ.

ನೀಲಕಂಠಪ್ಪ ಎದ್ದು ಬಾಗಿಲು ಮುಂದೆ ಮಾಡಿದರು.

"ಈಗ್ಯಾಕ ಹಳೀ ಕಥಿ ತಗದಿ ಶ್ರೀಮಂತಾ? ಆ ಕಾಲಕ್ಕ ಯಾರ ಮನ್ಯಾಗ ಇರಲಿಲ್ಲ ಹೇಳು. ಮನಸಿಗೆ ಒಗ್ಗಲಿಲ್ಲಂದ್ರ ಶುಗರ್ ಅದ, ಓಡಾಡೂದು ಆಗೂದಿಲ್ಲ ಅಂತ ಒಂದು ಚೀಟಿ ಬರ್ದು ಕೊಡು. ನಾ ಪಾಸ್ಟರಗ ಹೇಳ್ತೀನಿ. ಸಭಾದ ಮಾನ ಹೊರಗ ಹಾಕಬ್ಯಾಡ."

ಶ್ರೀಮಂತನಿಗೆ ಹೊರೆ ಇಳಿದಂತಾಯಿತು. ಶುಗರ್ ಇದ್ದದ್ದೂ ನಿಜ. ಮನೆಗೆ ಬಂದು ಚೀಟಿ ಬರೆಯಲು ಕೂತ. ಕಾಗುಣಿತ ಸರಿ ಬರದೆ ಹೆಂಡತಿಯ ಮುಂದೆ ಹಿಡಿದ.

ಚನ್ನವ್ವ ಓದಿದಳು. ಚೀಟಿಯನ್ನು ಅವನ ಕೈಗೇ ತಿರುಗಿ ಕೊಟ್ಟಳು. "ಮೊದಲ ಜ್ವರ ಅಂದ್ರಿ. ಈಗ ಶುಗರ್ ಅಂತೀರಿ."

"ಹಿರಿಯ ಆಗೂದಿಲ್ಲ ಅಂತ ಬಿಟ್ಟೀನಲ್ಲ ಚನ್ನಿ, ಇನ್ನೇನು ಬೇಕು?"

"ಹಿರಿಯ ಆಗ್ರಿ, ಇಲ್ಲಾ ಬಿಡ್ರಿ. ನನಗೇನು? ಇಪ್ಪತ್ತೆರಡು ವರ್ಷ ನೀವು ಹೇಳಿದ ಸುಳ್ಳು ನಾ ಹೊತ್ತೀನಿ. ಎಲ್ಲಾರೂ 'ಪಾಪ, ಜ್ವರ' ಅಂದ್ರ ಹೂಂ ಅಂದೀನಿ. ಇನ್ನೊಂದು ಹೊರಸಬ್ಯಾಡ್ರಿ. ನಿಮ್ಮ ಮ್ಯಾಲ ಚಾಡಿ ಹೇಳಾಕ ನಾ ಏಳೂದಿಲ್ಲ. ಸಹಿನೂ ಹಾಕೂದಿಲ್ಲ."

"ಖರೆ ಹೇಳಿದ್ರ ನಿನ್ನ ಮಾರಿ ನೋಡಿ ನಾಕು ಮಂದಿ ಮಾತಾಡ್ತಾರ."

"ಆಡಲಿ. ಆದ್ರ ಸಭಾಕ್ಕ ಹೇಳೂಕಿಂತ ಮೊದಲ ಶ್ರೇಯಾಗ ಹೇಳ್ರಿ. ಆಕಿ ಹೊರಗಿನವರ ಬಾಯಿಂದ ಕೇಳಬಾರದು."

ಶ್ರೇಯಾ ಥಾಣೆಯ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಶನಿವಾರ ಸಂಜೆ ಅವಳು ಲೋಕಲ್ ಟ್ರೇನ್ ಇಳಿದು ಮನೆಗೆ ಬಂದಾಗ ಶ್ರೀಮಂತ ಅವಳನ್ನು ಕೂರಿಸಿಕೊಂಡ. "ನಿಮ್ಮವ್ವನ ಕಿವಿ..." ಎಂದು ಶುರುಮಾಡಿ ಮುಂದೆ ಹೇಗೆ ಹೇಳಬೇಕೆಂದು ತೋಚದೆ ನಿಂತ.

"ಪಪ್ಪಾ, ಮುಝೆ ಪತಾ ಹೈ" ಎಂದಳು ಶ್ರೇಯಾ. ಆಮೇಲೆ ತಡವರಿಸುವ ಕನ್ನಡದಲ್ಲಿ, "ನಂಗೆ ಗೊತ್ತು. ಕಿವಿ ಯಾವಾಗ ಹೋಯ್ತು, ಅದು ನೆನಪಿಲ್ಲ. ಆಮೇಲಿಂದು ನೆನಪಿದೆ. ನಾನು ಕಾಟ್ ಕೆಳಗೆ ಇರ್ತಿದ್ದೆ ನಾ. ಆವಾಜ್ ಬರ್ತಿತ್ತು. ಹಾಡು ಹೇಳ್ಕೋತಿದ್ದೆ, ಕೇಳಿಸ್ಬಾರ್ದು ಅಂತ."

ಶ್ರೀಮಂತನಿಗೆ ಆ ಮಂಚ ನೆನಪಿತ್ತು. ಅದರ ಕೆಳಗೆ ಮಗು ಇರುತ್ತಿತ್ತೆಂದು ಗೊತ್ತಿರಲಿಲ್ಲ.

"ನನ್ನ ಮುಂದೆ ರೋನಾ ಮತ್, ಅಳ್ಬೇಡಿ" ಎಂದು ಶ್ರೇಯಾ ಎದ್ದುಹೋದಳು.

ಮೂರನೆಯ ಭಾನುವಾರ ಹಾಲ್ ತುಂಬಿತ್ತು. ನೇಮಕವೆಂದು ದಾದರ್, ಕಲ್ಯಾಣದಿಂದಲೂ ನೆಂಟರು ಬಂದಿದ್ದರು. ನೀಲಕಂಠಪ್ಪ ಬಾಗಿಲಲ್ಲೇ ಅವನ ತೋಳು ಹಿಡಿದು, "ಚೀಟಿ ತಂದಿಲ್ಲೇನು?" ಎಂದು ಕೇಳಿದರು. ಅವನು ತಲೆ ಅಲ್ಲಾಡಿಸಿದ. ಅವನು ನೇಮಕಕ್ಕೆ ಒಪ್ಪಿದ್ದಾನೆಂದು ತಿಳಿದ ಅವರು ಬೆನ್ನು ತಟ್ಟಿ ಮುಂದೆ ಕಳಿಸಿದರು.

ಪಾಸ್ಟರ್ ಹೆಸರು ಓದಿದರು. "ಯಾರಿಗಾದರೂ ಆಕ್ಷೇಪಣೆ ಇದೆಯೇ?"

ಈ ಸಲವೂ ಯಾರೂ ಏಳಲಿಲ್ಲ. ಪಾಸ್ಟರ್ ಪುಸ್ತಕ ಮುಚ್ಚುತ್ತಿದ್ದಂತೆ ಶ್ರೀಮಂತ ಎದ್ದು ನಿಂತ.

"ನಂದೇ ಅದರಿ."

ಕೆಲವರು ತಮಾಷೆಯೆಂದು ನಕ್ಕರು. ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ.

"ಚನ್ನವ್ವನ ಕಿವಿ ಜ್ವರದಾಗ ಹೋಗಿಲ್ಲ. ನಾ ಹೊಡದೀನಿ. ಹೊಡದು ಸುಳ್ಳು ಹೇಳೀನಿ. ಇಷ್ಟು ವರ್ಷ ನಿಮಗೂ ಹೇಳಿಲ್ಲ. ಹಿರಿಯ ಆಗಾಕ ನಾ ಯೋಗ್ಯ ಇಲ್ಲ. ಅದೊಂದ ಸಲ ನನ್ನ ಕೈಯಿಂದ..."

"ಒಂದ ಸಲ ಅಲ್ಲ."

ಹೆಂಗಸರ ಸಾಲಿನಿಂದ ಬಂದ ದನಿ. ಚನ್ನವ್ವ ಎದ್ದಿರಲಿಲ್ಲ, ಕೂತಲ್ಲಿಂದಲೇ ಹೇಳಿದ್ದಳು. "ಕಿವಿ ಹೋಗಿದ್ದು ಒಂದ ಸಲ. ಹೊಡೆದದ್ದು ಐದು ವರ್ಷ. ಹೇಳೂದಿದ್ರ ಪೂರ್ತಿ ಹೇಳ್ರಿ."

ಶ್ರೀಮಂತ ಹೆಂಗಸರ ಸಾಲಿನ ಕಡೆ ತಿರುಗಿದ. ಕೂರಲಿಲ್ಲ.

"ಐದು ವರ್ಷ" ಎಂದ. "ಆಕಿ ಹೇಳಿದ್ದು ಖರೆ."

ಪಾಸ್ಟರ್ ನವೀನ ಕೆಳಗಿಳಿದು ಬಂದರು. ಶ್ರೀಮಂತ ಅವರನ್ನೇ ನೋಡುತ್ತಿದ್ದ. ಆದರೆ ಅವರು ಅವನನ್ನು ದಾಟಿ ಚನ್ನವ್ವನ ಎದುರು ಹೋಗಿ ಮೊಣಕಾಲೂರಿ ಕೂತರು. "ಅಮ್ಮಾ, ಇಷ್ಟು ವರ್ಷ ನಾವು ಯಾರೂ ಕೇಳಲಿಲ್ಲ. ಸಭೆಯ ಪರವಾಗಿ ಕ್ಷಮೆ ಕೇಳ್ತೇನೆ" ಎಂದರು. ಆ ದಿನ ನೇಮಕ ನಡೆಯಲಿಲ್ಲ.

ಮುಂದಿನ ದಿನಗಳು ಸುಲಭವಾಗಿರಲಿಲ್ಲ. ಎರಡು ಮನೆಯವರು ಶ್ರೀಮಂತನೊಂದಿಗೆ ಮಾತು ಬಿಟ್ಟರು. ಸಭೆಯ ಮಾನ ಕಳೆದನೆಂದು ನೀಲಕಂಠಪ್ಪ ಸಿಟ್ಟಾದರು. ಹೆಂಗಸರು ಚನ್ನವ್ವನ ಕೈ ಹಿಡಿದು ಅಳಲು ಬಂದಾಗ ಅವಳು, "ನನ್ನ ಸಲುವಾಗಿ ಅಳಬ್ಯಾಡ್ರಿ, ನಿಮ್ಮ ನಿಮ್ಮ ಮನಿ ನೋಡ್ಕೋರಿ" ಎಂದು ಕೈ ಬಿಡಿಸಿಕೊಂಡಳು. ಶ್ರೇಯಾ ಎರಡು ತಿಂಗಳು ಅಪ್ಪನೊಂದಿಗೆ ಊಟಕ್ಕೆ ಕೂರಲಿಲ್ಲ. ಆಮೇಲೆ ಕೂತಳು, ಮಾತು ಮಾತ್ರ ಎಷ್ಟು ಬೇಕೋ ಅಷ್ಟೇ.

ಹಿರಿಯನ ಜಾಗಕ್ಕೆ ಸಭೆ ಒಂದು ವರ್ಷ ಯಾರನ್ನೂ ಆರಿಸಲಿಲ್ಲ. ಓದುವುದು ನಿಲ್ಲಲಿಲ್ಲ. ಪಾಸ್ಟರ್ ಅದೇ ಮೂರು ಪುಸ್ತಕಗಳನ್ನು ಇಡೀ ಸಭೆಗೆ ಓದಲು ಹಚ್ಚಿದರು. ಗುರುವಾರ ಸಂಜೆ ಗಂಡಸರು, ಹೆಂಗಸರು ಕೂಡಿ ಕೂರಬೇಕು, ಓದಿದ್ದನ್ನು ಕುರಿತು ಗಂಡಸರಿಗಿಂತ ಮೊದಲು ಅವರ ಮನೆಯವರೇ ಮಾತಾಡಬೇಕು ಎಂದು ನಿಯಮ ಮಾಡಿದರು. ಗಟ್ಟಿಯಾಗಿ ಓದಲು ಯಾರೂ ಮುಂದೆ ಬರದಿದ್ದಾಗ ಚನ್ನವ್ವ ಪುಸ್ತಕ ಈಸಿಕೊಂಡಳು. ಶ್ರೀಮಂತ ಕೊನೆಯ ಸಾಲಿನ ಮೂಲೆಯಲ್ಲಿ ಕೂತು ಕೇಳುತ್ತಾನೆ. ಅವಳು ಯಾವ ಸಾಲನ್ನೂ ಬಿಡದೆ ಓದುತ್ತಾಳೆ.