ಟೈಲರ್ ಸಾಬರ ಕೊನೆಯ ಸಾಲು

ಇದನ್ನು ಬರೆಯಬೇಕೆಂದು ಎಷ್ಟೋ ವರ್ಷದಿಂದ ಅಂದುಕೊಳ್ಳುತ್ತಲೇ ಬಂದಿದ್ದೇನೆ. ಹಬ್ಬ ಕಳೆಯಲಿ, ಕಾಯಿ ಕೀಳಿಸುವುದು ಮುಗಿಯಲಿ, ಕಣ್ಣಿನ ಆಪರೇಷನ್ ಆಗಲಿ ಎಂದು ಪ್ರತಿ ಸಲವೂ ಒಂದು ನೆವ. ಈಗ ಕಣ್ಣಿನದೂ ಆಯಿತು. ಹೇಳಲು ನೆವ ಉಳಿದಿಲ್ಲ.

ಮೊದಲು ಸಾಬರ ಗಂಟಲಿನ ವಿಷಯ ಹೇಳಬೇಕು. ತಿಪಟೂರಿನ ನಮ್ಮ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅವರು ಅಳತೆ ತೆಗೆಯುವಾಗ ಅದನ್ನು ಕೂಗಿ ಹೇಳುತ್ತಿದ್ದರು. "ಎದೆ ಮೂವತ್ತೆಂಟು! ಸೊಂಟ ನಲ್ವತ್ತೆರಡು!" ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರಿಗೂ ಕೇಳುತ್ತಿತ್ತು. ಹೊಟ್ಟೆ ಬಂದವರಿಗೆ ಆ ಅಂಗಡಿ ಹತ್ತಲು ಭಯ.

"ಮೆತ್ತಗೆ ಹೇಳಿ ಸಾಬ್ರೆ, ಬೀದಿಗೆಲ್ಲ ಗೊತ್ತಾಯ್ತದೆ" ಎಂದರೆ, "ಹೊಟ್ಟೆ ಹೊತ್ಕಂಡು ಬೀದೀಲೇ ಬಂದಿದೀಯ. ನಾನ್ ಹೇಳಿದ್ರೆ ಮಾತ್ರ ನಾಚ್ಕೆನಾ?" ಎನ್ನುತ್ತಿದ್ದರು.

ಕೂಗಿದರೂ ಕರ್ಕಶವಿಲ್ಲ. ಒಂದೊಂದು ಅಕ್ಷರವೂ ಸಿಪ್ಪೆ ಸುಲಿದ ಕಾಯಿಯಂತೆ ಬಿಡಿಬಿಡಿಯಾಗಿ ಬರುತ್ತಿತ್ತು. ಟೈಲರ್ ಸಾಬ್ರು ಎಂದೇ ಊರು ಕರೆಯುತ್ತಿತ್ತು. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ.

ಆಗ ನಾನು ಊರಿಗೆ ಕೇಬಲ್ ಟಿ.ವಿ. ಕೊಡುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ರೇಡಿಯೋ ರಿಪೇರಿ ಕಲಿತವನು, ತೆಂಗಿನ ಮರದಿಂದ ಮರಕ್ಕೆ ವೈರು ಎಳೆದು ಸುತ್ತಲ ಹಳ್ಳಿಗಳವರೆಗೂ ಮನೆ ಮನೆ ಮುಟ್ಟಿದ್ದೆ. ನನ್ನದೇ ಒಂದು ಊರ ಚಾನೆಲ್ಲೂ ಇತ್ತು. ಸಂಜೆ ಏಳಕ್ಕೆ ಒಂದು ಸಿನಿಮಾ, ನಡುವೆ ಊರಿನ ಅಂಗಡಿಗಳ ಜಾಹೀರಾತು. ಅಂಗಡಿಯ ಫೋಟೋ ನಿಲ್ಲಿಸಿ, ಹಿಂದೆ ಧ್ವನಿ ಹಾಕುತ್ತಿದ್ದೆ. ಆ ಧ್ವನಿಗೆ ಸಾಬರನ್ನು ಕೇಳಿದಾಗ ಅವರು ಒಂದೇ ಷರತ್ತು ಹಾಕಿದರು.

"ನಾನ್ ಬಳಸ್ದೆ ಇರೋದನ್ನ ಊರಿಗೆ ಬಳ್ಸಿ ಅಂತ ಹೇಳಲ್ಲ ಕಣಪ್ಪ."

ನಾನು ನಕ್ಕೆ. ಅವರು ನಗಲಿಲ್ಲ. ಮುಂದೆ ಒಬ್ಬರು ಕೂದಲು ಬೆಳೆಯುವ ಎಣ್ಣೆಯ ಜಾಹೀರಾತು ತಂದಾಗ ಷರತ್ತಿನ ಅರ್ಥ ತಿಳಿಯಿತು. ಸಾಬರ ತಲೆ ಪೂರ್ತಿ ಬೋಳು. "ಧ್ವನಿ ಮಾತ್ರ ಬರೋದು ಸಾಬ್ರೆ, ತಲೆ ಕಾಣಲ್ಲ" ಎಂದೆ. "ಊರಿಗೆ ಕಾಣಲ್ಲ ಸರಿ. ಬೆಳಗ್ಗೆ ಎದ್ರೆ ನಂಗೆ ಕನ್ನಡೀಲಿ ಕಾಣ್ತದಲ್ಲ ಮಲ್ಲೇಶಿ?" ಎಂದರು. ಎಣ್ಣೆಯವರು ಹಾಗೇ ಹೋದರು.

ಧ್ವನಿ ತುಂಬಿಸುವ ನನ್ನ ಕೋಣೆಯ ನಾಲ್ಕು ಗೋಡೆಗೂ ಖಾಲಿ ಕೊಬ್ಬರಿ ಚೀಲ ನೇತುಹಾಕಿದ್ದೆ, ಬೀದಿಯ ಸದ್ದು ಒಳಗೆ ಬಾರದಿರಲೆಂದು. ಮಧ್ಯಾಹ್ನ ಊಟವಾದ ಮೇಲೆ, ಕೊರಳಲ್ಲಿ ಅಳತೆ ಟೇಪು ಹಾಗೇ ಇಟ್ಟುಕೊಂಡು ಸಾಬರು ಬರುತ್ತಿದ್ದರು. ಆ ಮುಗ್ಗು ವಾಸನೆಯಲ್ಲಿ ಕೂತು, ಜಾಹೀರಾತಿನ ಚೀಟಿಯನ್ನು ಎರಡು ಸಲ ಮನಸ್ಸಿನಲ್ಲೇ ಓದಿಕೊಂಡು, ಮೂರನೆಯ ಸಲ ಮೈಕಿಗೆ ಓದುತ್ತಿದ್ದರು. ಕೊನೆಯಲ್ಲಿ, "ಹೇಳಿದವರು" ಎಂದು ತಮ್ಮ ಹೆಸರನ್ನು ಪೂರ್ತಿ ಹೇಳುತ್ತಿದ್ದರು. "ಮಾತು ಯಾರ್ದು ಅಂತ ಗೊತ್ತಿರ್ಬೇಕು ಕಣಪ್ಪ. ಹೆಚ್ಚುಕಮ್ಮಿ ಆದ್ರೆ ಕೇಳೋಕೆ ಒಬ್ಬ ಬೇಕಲ್ಲ" ಎನ್ನುತ್ತಿದ್ದರು. ನಾನು ಎರಡು ಟೇಪ್‌ರೆಕಾರ್ಡರ್ ಪಕ್ಕಪಕ್ಕ ಇಟ್ಟು ಒಂದರಿಂದ ಇನ್ನೊಂದಕ್ಕೆ ತುಂಬಿಸುವಾಗ, ಹೆಸರು ಬರುವ ಮುಂಚೆ ಗುಂಡಿ ಒತ್ತಿ ನಿಲ್ಲಿಸಿಬಿಡುತ್ತಿದ್ದೆ. ಹೆಸರಿಗೆ ಎರಡು ಮೂರು ಸೆಕೆಂಡು ದಂಡ ಅಂತ. ಅದು ಗೊತ್ತಿದ್ದೂ ಪ್ರತಿ ಸಲ ಹೇಳುತ್ತಿದ್ದರು.

"ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು ಹೊಲೀಬೇಕು. ಮುಂದೆ ಬೇಕಾದ್ರೆ ಬಿಚ್ಕೋಬೋದು. ಕತ್ತರ್ಸಿ ಎಸೆದ್‌ಬಿಟ್ರೆ ಎಲ್ಲಿಂದ ತರ್ತೀಯ?" ಇದು ಅವರು ನನಗೆ ಹೇಳುತ್ತಿದ್ದ ಬುದ್ಧಿ.

ಸಾಮಾನ್ಯವಾಗಿ ಜಾಹೀರಾತು ಬಂತೆಂದರೆ ಜನ ಎದ್ದು ಹೋಗುತ್ತಾರೆ. ನಮ್ಮೂರಲ್ಲಿ ಸಾಬರ ಧ್ವನಿ ಬಂದರೆ ಎದ್ದವರೂ ಕೂರುತ್ತಿದ್ದರು. ಯಾರಾದರೂ ತೀರಿಕೊಂಡರೆ ಆ ಸುದ್ದಿಯನ್ನೂ ಅವರೇ ಓದುತ್ತಿದ್ದರು. ಸಾಬ್ರು ಹೇಳಿದ ಮೇಲೆ ಮುಗಿಯಿತು, ಅದು ನಿಜ.

ತೆಂಗಿಗೆ ನುಸಿ ರೋಗ ಬಂದ ಕಾಲ ಅದು. ಕಾಯಿ ಮೇಲೆ ಕಂದು ಮಚ್ಚೆ ಬಿದ್ದು, ಲಿಂಬೆ ಗಾತ್ರಕ್ಕೇ ಉದುರುತ್ತಿದ್ದವು. ಔಷಧಿ ಅಂಗಡಿಯವನೊಬ್ಬ ಬೇರಿಗೆ ಕಟ್ಟುವ ಔಷಧಿಯ ಜಾಹೀರಾತು ತಂದ. ಮರದ ಎಳೆ ಬೇರೊಂದನ್ನು ಓರೆಯಾಗಿ ಕೊಯ್ದು, ಔಷಧಿ ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ಬಿಟ್ಟು ಕಟ್ಟಿದರೆ ಮರ ತಾನೇ ಹೀರಿಕೊಳ್ಳುತ್ತದೆ. ಸಾಬರ ಹಿತ್ತಲಲ್ಲಿ ಒಂದೇ ಮರ ಇತ್ತು. ಅದಕ್ಕೆ ಕಟ್ಟಿ ನೋಡದೆ ಓದುವುದಿಲ್ಲ ಎಂದರು. ಔಷಧಿ ಕಟ್ಟಿದ ಮರದ ಕಾಯಿ ನಲವತ್ತೈದು ದಿನ ಮುಟ್ಟಬಾರದು ಎಂದು ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿತ್ತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಮರದ ಬುಡಕ್ಕೆ ದಿನಕ್ಕೊಂದು ಗೀಟು ಎಳೆಯುತ್ತಾ ಬಂದರು. ಗೀಟು ನಲವತ್ತೈದಾದ ಮೇಲೆ ಕಾಯಿ ಇಳಿಸಿ, ತಿಂದು, ನಂತರ ಬಂದು ಓದಿದರು. ಅಂಗಡಿಯವನ ಚೀಟಿಯಲ್ಲಿ ಆ ಎಚ್ಚರಿಕೆಯ ಮಾತು ಇರಲಿಲ್ಲ. ಕೊನೆಯಲ್ಲಿ, ತಮ್ಮ ಹೆಸರಿಗೆ ಮುಂಚೆ, ಸಾಬರೇ ಸೇರಿಸಿದರು.

ಅದು ಗೌರಿ ಹಬ್ಬದ ವಾರ. ಸೀರೆ ಅಂಗಡಿಯವರೆಲ್ಲ ಸಾಲುಗಟ್ಟಿದ್ದರು. ಸಿನಿಮಾ ನಡುವೆ ಜಾಹೀರಾತು ಐದು ನಿಮಿಷ ದಾಟಿದರೆ ಜನ ಫೋನ್ ಮಾಡಿ ಬೈಯುತ್ತಿದ್ದರು. ನಾನು ಎಲ್ಲದರ ಬಾಲವನ್ನೂ ಸ್ವಲ್ಪ ಸ್ವಲ್ಪ ಕತ್ತರಿಸಿದೆ. ಔಷಧಿಯದನ್ನು ತುಂಬಿಸುವಾಗ ಹೆಸರಿಗಿಂತ ಒಂದು ಉಸಿರು ಮುಂಚೆಯೇ ಗುಂಡಿ ಒತ್ತಿದೆ. ಗೊತ್ತಿದ್ದೇ ಒತ್ತಿದೆ. ಡಬ್ಬಿ ಮೇಲೆ ಹೇಗೂ ಬರೆದಿದೆಯಲ್ಲ ಎಂದುಕೊಂಡೆ. ಹಬ್ಬದ ಹೊಲಿಗೆಯ ಒತ್ತಡದಲ್ಲಿ ಸಾಬರು ಆ ದಿನಗಳಲ್ಲಿ ಟಿ.ವಿ. ಮುಂದೆ ಕೂರಲೇ ಇಲ್ಲ.

ಹದಿನೈದು ದಿನ ಕಳೆದಿರಬೇಕು. ಹಾಲ್ಕುರಿಕೆ ಕಡೆಯ ಒಂದು ಹಳ್ಳಿಯಲ್ಲಿ ಜ್ವರದಿಂದ ಮಲಗಿದ್ದ ಮುದುಕಿಗೆ ಮಗ, ಔಷಧಿ ಕಟ್ಟಿದ ಮರದಿಂದಲೇ ಎಳನೀರು ಇಳಿಸಿ ಕುಡಿಸಿದ. ವಾಂತಿ ಶುರುವಾಗಿ ಪ್ರಜ್ಞೆ ತಪ್ಪಿತು. ಆಸ್ಪತ್ರೆಗೆ ಸೇರಿಸಿದ ಮಾರನೆಯ ದಿನ ಅವನು ಏಳೆಂಟು ಜನರೊಡನೆ ಸಾಬರ ಅಂಗಡಿಗೆ ಬಂದ. ಗಲಾಟೆ ಕೇಳಿ ನಾನೂ ಹೋದೆ.

"ಟೀವೀಲಿ ಮಾತಾಡಿದ್ದು ನೀವೇ ಅಲ್ವೇನ್ರೀ? ಬೇರಿಗೆ ಕಟ್ಟಿ ಅಂದ್ರಲ್ಲ, ಎಳನೀರು ಕುಡೀಬ್ಯಾಡಿ ಅಂತ ಯಾಕ್ ಹೇಳ್ಲಿಲ್ಲ?"

"ಹೇಳಿದೀನಿ ಕಣಪ್ಪ. ನಲ್ವತ್ತೈದು ದಿನ ಅಂತ ಬಿಡಿಸಿ ಹೇಳಿದೀನಿ."

"ಯಾವತ್ ಹೇಳಿದ್ರಿ? ದಿನಾ ಮನೇರೆಲ್ಲ ಕೂತು ನೋಡಿದೀವಿ. ನಮ್ಮವ್ವ ಅಲ್ಲಿ ಕಣ್ಣೇ ಬಿಡ್ತಿಲ್ಲ, ಇಲ್ಲಿ ಸುಳ್ ಬೇರೆ ಹೇಳ್ತೀರಾ?"

ಸಾಬರು ಜನರ ನಡುವೆ ನನ್ನನ್ನು ಕಂಡರು. ಮುಖ ಅರಳಿತು. "ಅಗೋ, ಅವ್ರನ್ನೇ ಕೇಳಿ. ಚಾನೆಲ್ ಅವ್ರದ್ದೇ. ಹೇಳು ಮಲ್ಲೇಶಿ."

ಎಲ್ಲರೂ ನನ್ನ ಕಡೆ ತಿರುಗಿದರು. ಒಪ್ಪಿಕೊಂಡರೆ ಇವತ್ತೇ ನನ್ನ ವೈರೆಲ್ಲ ಕಿತ್ತು ಬಿಸಾಡುತ್ತಾರೆ ಎಂದು ಕಣ್ಣಿಗೆ ಕಟ್ಟಿತು.

"ನಾನು ಬಂದದ್ದನ್ನ ಬಂದಂಗೆ ಹಾಕ್ತೀನಪ್ಪ" ಎಂದೆ.

ಸಾಬರು ಕೊರಳ ಟೇಪು ತೆಗೆದು ಸುರುಳಿ ಸುತ್ತಿ ಮೆಷಿನ್ ಮೇಲಿಟ್ಟರು. ಮುದುಕಿಯ ಮಗನಿಗೆ ಕೈ ಮುಗಿದು, "ತಪ್ಪಾಯ್ತಪ್ಪ. ಆಸ್ಪತ್ರೆಗೆ ನಾನೂ ಬತ್ತೀನಿ, ನಡಿ" ಎಂದರು.

ಒಂಬತ್ತು ದಿನ ಬೆಳಗ್ಗೆ ಸಂಜೆ ಅಂಗಡಿ ಮುಚ್ಚಿ ಆಸ್ಪತ್ರೆಗೆ ಗಂಜಿ ಒಯ್ದರು. ಮುದುಕಿ ಉಳಿದಳು. ಆದರೆ ಊರಿನ ಬಾಯಿ ನಿಲ್ಲಲಿಲ್ಲ. "ಸಾಬ್ರೆ, ಬ್ಲೌಸು ಪೂರ್ತಿ ಹೊಲೀತೀರೋ, ಅಡ್ವಟೈಸ್ಮೆಂಟಿನಂಗೆ ಅರ್ಧಾನೋ?" ಎಂದು ಹೆಂಗಸರು ಕೂಡ ತಮಾಷೆ ಮಾಡುತ್ತಿದ್ದರು. ಅವರು ಅಳತೆ ಕೂಗುವುದನ್ನು ಬಿಟ್ಟರು. ಬಾಯಿ ತೆರೆಯದೆ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ನನ್ನ ಕೋಣೆಗೆ ಒಮ್ಮೆ ಮಾತ್ರ ಬಂದು, ಬಾಗಿಲಲ್ಲೇ ನಿಂತು ಕೇಳಿದರು.

"ನಾನ್ ಓದಿದ್ ಕ್ಯಾಸೆಟ್ ಐತಾ ಮಲ್ಲೇಶಿ?"

"ಅದ್ರ ಮೇಲೆ ಬೇರೆ ತುಂಬ್ಸಿಬಿಟ್ಟೆ ಸಾಬ್ರೆ."

"ಇರ್ಲಿ ಬುಡು" ಎಂದರು. "ನಿಂಗೂ ಹೆಂಡ್ತಿ ಮಕ್ಳು ಅವ್ರೆ."

ಕ್ಯಾಸೆಟ್ ಆಗ ನನ್ನ ಮೇಜಿನ ಖಾನೆಯಲ್ಲೇ ಇತ್ತು.

ಆಮೇಲೆ ಮನೆಗಳ ಮೇಲೆ ಡಿಶ್ ಬಂದವು, ಅದರ ಹಿಂದೆಯೇ ಮೊಬೈಲ್ ಬಂತು. ನನ್ನ ವೈರು ಒಂದೊಂದೇ ಮನೆಯಿಂದ ಕಳಚಿಕೊಂಡಿತು. ಊರ ಚಾನೆಲ್ ನಿಂತೇ ಹೋಯಿತು. ಸಾಬರನ್ನು ಕೊನೆಯ ಸಲ ಕಂಡದ್ದು ಬಸ್‌ಸ್ಟ್ಯಾಂಡಿನಲ್ಲಿ. ಅಂಗಡಿ ಮುಚ್ಚಿ, ಮಾಯಸಂದ್ರದಲ್ಲಿದ್ದ ಮಗಳ ಮನೆಗೆ ಹೊರಟಿದ್ದರು. ಪಕ್ಕದಲ್ಲಿ ಕೂತೆ. ಬೆಂಚಿನ ಮೇಲಿದ್ದ ಐದಾರು ಜನರೂ ತಂತಮ್ಮ ಮೊಬೈಲ್ ನೋಡುತ್ತಿದ್ದರು. ಒಬ್ಬನದರಲ್ಲಿ ಜಾಹೀರಾತು ಶುರುವಾಯಿತು, ಅವನು ಬೆರಳಿಂದ ಒತ್ತಿ ದಾಟಿಸಿದ.

ಸಾಬರು ನಕ್ಕರು. "ಪುಣ್ಯವಂತ್ರು ಕಣಪ್ಪ ಈಗಿನೋರು. ಬ್ಯಾಡ ಅಂದ್ರೆ ದಾಟಿಸ್ತಾರೆ. ಆಗಿನ ಜನ ಪಾಪ, ನಾವ್ ಹೇಳಿದ್ದನ್ನೆಲ್ಲ ಕೂತ್ಕಂಡು ಕೇಳೋರು."

ನಾವು ಎಂದರು. ಮಾತು ನನ್ನ ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ಬಸ್ಸೂ ಬಂತು. ಚೀಲ ಎತ್ತಿ ಒಳಗೆ ಇಟ್ಟುಕೊಟ್ಟೆ. ಅಷ್ಟೇ ನಾನು ಮಾಡಿದ್ದು. "ಬತ್ತೀನಿ ಕಣಪ್ಪ" ಎಂದು ಕಿಟಕಿಯಿಂದ ಕೈ ಎತ್ತಿದರು.

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಎರಡು ತಿಂಗಳ ಮೇಲೆ. ಊರಿನ ಸಾವನ್ನೆಲ್ಲ ಊರಿಗೆ ಹೇಳಿದವರ ಸಾವು ಯಾವುದೋ ಮೊಬೈಲ್ ಗುಂಪಿನಲ್ಲಿ ಬಂದು ಹೋಗಿತ್ತಂತೆ. ನಾನು ಆ ಗುಂಪಿನಲ್ಲಿಲ್ಲ.

ಈಗ ನಮ್ಮ ಮನೆಯಲ್ಲೇ ನಾಲ್ವರು ನಾಲ್ಕು ಮೂಲೆಯಲ್ಲಿ ನಾಲ್ಕು ಬಗೆ ನೋಡುತ್ತಾರೆ. ಹಾಲಿನ ಟಿ.ವಿ. ತನ್ನಷ್ಟಕ್ಕೆ ಮಾತಾಡುತ್ತಿರುತ್ತದೆ. ಮುಂದೆ ಅದೂ ಇರುವುದಿಲ್ಲ ಎನ್ನುತ್ತಾರೆ. ಹೋದರೆ ಹೋಗಲಿ, ನನಗೆ ಅದರ ಮೇಲೆ ಮಮತೆ ಉಳಿದಿಲ್ಲ. ಒಂದೇ ಸಂಕಟ. ಊರೆಲ್ಲ ಒಂದೇ ಪರದೆ ನೋಡುತ್ತಿದ್ದ ಕಾಲದಲ್ಲಿ, ಆ ಪರದೆ ನನ್ನ ಕೈಯಲ್ಲೇ ಇತ್ತು. ಯಾವತ್ತಾದರೂ ಒಂದು ಸಂಜೆ ಏಳು ಗಂಟೆಗೆ, "ಸಾಬ್ರು ಹೇಳಿದ್ದರು, ಕತ್ತರಿಸಿದ್ದು ನಾನು" ಎಂದಿದ್ದರೆ ಸಾಕಿತ್ತು. ಒಂಬತ್ತಕ್ಕೆ ಸಿನಿಮಾ ಮುಗಿಯುವ ಮುಂಚೆ ಅವರ ಮಾತು ಅವರಿಗೆ ವಾಪಸ್ ಸಿಗುತ್ತಿತ್ತು. ಈಗ ಹೇಳಲು ಧೈರ್ಯ ಬಂದಿದೆ, ಊರು ಕೂತು ನೋಡುವ ಜಾಗ ಇಲ್ಲ. ಆದ್ದರಿಂದ ಕಾಗದದ ಮೇಲೆ ಬರೆಯುತ್ತಿದ್ದೇನೆ.

ಕ್ಯಾಸೆಟ್ ಇನ್ನೂ ನನ್ನ ಬೀರುವಿನಲ್ಲಿದೆ. ಹಾಕಿ ಕೇಳಲು ಟೇಪ್‌ರೆಕಾರ್ಡರ್ ಇಲ್ಲ, ಬೇಕಾಗಿಯೂ ಇಲ್ಲ. ನಾನು ಕತ್ತರಿಸಿದ್ದು ಇಷ್ಟು:

"ಔಷಧಿ ಕಟ್ಟಿದ ಮರದ ಕಾಯಿಯನ್ನು ನಲವತ್ತೈದು ದಿನ ಇಳಿಸಬೇಡಿ. ಎಳನೀರು ಕುಡಿಯಬೇಡಿ. ಮಕ್ಕಳಿಗೆ, ಕಾಯಿಲೆಯವರಿಗೆ ಕೊಡಲೇಬೇಡಿ. ಹೇಳಿದವರು, ಟೈಲರ್ ಮಹಮದ್ ಇಸ್ಮಾಯಿಲ್."