ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳಿ

ನಮ್ಮ ಅಂಗಡಿ ಖಾನಾಪುರದ ಹಳೇ ರಸ್ತೆಯ ಮೇಲಿತ್ತು. ಮಾವನವರು ಹಾಕಿದ್ದು. ಮುಂದೆ ಬೆಲ್ಲ, ಎಣ್ಣೆ, ಸಾಬೂನು. ಒಳಗಿನ ಖೋಲಿಯಲ್ಲಿ ಇಲ್ಲಿಯ ಕುಂಬಾರರ ಗಡಿಗೆ, ಬಿದಿರಿನ ಬುಟ್ಟಿ, ಮತ್ತೆ ಬೀಡಿ ಊರಿನ ಕಡೆಯ ಹಳ್ಳಿಗಳಿಂದ ಬಂದ ಹಳೇ ಹಿತ್ತಾಳಿ ಸಾಮಾನು. ಗೋವಾಕ್ಕೆ ಹೋಗುವ ಕಾರಿನವರು ನಿಂತು ಒಂದೆರಡು ಒಯ್ಯುತ್ತಿದ್ದರು. ಆಚೆ ಹೊಸ ರಸ್ತೆ ಆಯಿತು ನೋಡ್ರಿ, ಗಾಡಿಗಳ ಸಪ್ಪಳವಷ್ಟೇ ಕೇಳುತ್ತಿತ್ತು. ಯಾರೂ ಇತ್ತ ಹೊರಳಲಿಲ್ಲ.

ಅಂಥದರಲ್ಲಿ ದಾರಿ ತಪ್ಪಿ ಒಬ್ಬರು ಬಂದರು. ಗೋವಾದ ಕಡೆ ಹೋಟೆಲು ಕಟ್ಟಿಸುತ್ತಿದ್ದವರು. ಒಳಗಿನ ಖೋಲಿ ನೋಡಿ, “ಹಿತ್ತಾಳಿ ಸಾಮಾನೆಲ್ಲಾ ನನಗ ಇಡ್ರಿ. ಹದಿನೈದು ದಿವಸಕ್ಕ ಬಂದು ಪೂರಾ ಒಯ್ತೇನಿ” ಅಂದರು.

ಅಂದು ಊಟಕ್ಕೆ ಕೂತಾಗ ನಮ್ಮ ಮನಿಯವರು, “ಇದೊಂದು ಆತಂದ್ರ ಅಂಗಡಿ ಉಳೀತದ. ಇಲ್ಲಂದ್ರ ಕದಾ ಹಾಕೂದ” ಅಂದರು. ನಾನು ಸೋಮವಾರ ಒಪ್ಪತ್ತು ಹಿಡಿದೆ.

ಹೋಟೆಲಿನವರು ಬರುವ ಮೊದಲು ಎರಡು ದಿನ ನಮ್ಮ ಮನಿಯವರು ಬೆಳಗಾವಿಯ ಸದಾಶಿವನಗರದಲ್ಲಿದ್ದ ತಮ್ಮ ತಂಗಿಯ ಮನೆಗೆ ಹೋಗಬೇಕಾಯಿತು. “ಧೂಳ ಝಾಡಿಸಿ ಇಡು” ಅಂತ ಹೇಳಿ ಹೋದರು. ಬರೀ ಧೂಳು ಝಾಡಿಸಿ ಸುಮ್ಮನಿರುವುದು ನನ್ನ ಕೈಗೆ ಗೊತ್ತಿಲ್ಲ. ದೀಪ ಹಚ್ಚುವ ಕಂಬ, ಸಮೆ ಅಂತೀವಲ್ಲ, ಅದು ಕಿಲುಬು ಹಿಡಿದು ಇನ್ನೊಬ್ಬರ ಮನೆಗೆ ಹೋಗಬಾರದು ಅಂತ ಅತ್ತೆ ಕಲಿಸಿದ್ದರು. ನಾನೂ ನನ್ನ ನೆಗೆಣ್ಣಿಯೂ ಹಿತ್ತಲಲ್ಲಿ ಕೂತು ಹುಣಸೆಹಣ್ಣು, ಉಪ್ಪು, ಒಲೆಯ ಬೂದಿ ಹಾಕಿ ಎಲ್ಲವನ್ನೂ ತಿಕ್ಕಿದೆವು. ಹಂಡೆಯಲ್ಲಿ ಮುಖ ಕಾಣಹತ್ತಿತು.

“ಅಕ್ಕಾ, ಮದವ್ಯಾಗೂ ನಾವು ಇಷ್ಟು ಹೊಳದಿದ್ದಿಲ್ಲ ಬಿಡು” ಅಂದಳು ನೆಗೆಣ್ಣಿ.

“ನಿನ್ನ ತಿಕ್ಕಾಕ ಹುಣಸಿಹಣ್ಣ ಸಾಲಂಗಿಲ್ಲವಾ” ಅಂದೆ. ಬಹಳ ನಕ್ಕೆವು.

ನಮ್ಮ ಮನಿಯವರು ಬಸ್ಸು ಇಳಿದು ಬರುವುದಕ್ಕೂ ಹೋಟೆಲಿನವರ ಗಾಡಿ ಬರುವುದಕ್ಕೂ ಸರಿಹೋಯಿತು. ಒಳಗೆ ಕಾಲಿಟ್ಟ ಹೋಟೆಲಿನವರು ಅಲ್ಲೇ ನಿಂತುಬಿಟ್ಟರು.

“ವೈನಿ, ಇವು ಅವ ಏನ್ರಿ?”

“ಅವ ರೀ. ತೊಳದೇವಿ.”

“ಹೊಸಾ ಬೇಕಾಗಿದ್ರ ನಾ ಬೆಳಗಾವಿ ಪ್ಯಾಟ್ಯಾಗ ತಗೋತಿದ್ದೆ. ಆ ಕಪ್ಪಿಗೇ ನಾ ಬಂದಿದ್ದು.”

ಆ ಕಪ್ಪಿಗೇ ಬೆಲೆ ಅಂತ ನನಗೆ ತಿಳಿದದ್ದು ಆಗಲೇ. ಇಪ್ಪತ್ತು ವರ್ಷ ಅದೇ ಖೋಲಿಯ ಕಸ ಹೊಡೆದಿದ್ದೆ. ಗಂಡಸರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

“ಯಾರ ತಿಕ್ಕಿದ್ರು?” ಅಂದರು ನಮ್ಮ ಮನಿಯವರು.

ನೆಗೆಣ್ಣಿ ಭಾವನ ಎದುರು ಎಂದೂ ದನಿ ತೆಗೆದವಳಲ್ಲ. ಸೆರಗು ಎಳೆದುಕೊಂಡು, “ನಾನ ರೀ. ಅಕ್ಕ ಬ್ಯಾಡ ಅಂತಿದ್ಲು” ಅಂದಳು.

“ಸುಳ್ಳ ಹೇಳ್ತಾಳ. ನಾನ ತಿಕ್ಕೀನಿ” ಅಂದೆ.

ಮೇಲೆ ತೊಲೆಗೆ ತೂಗುಹಾಕಿದ್ದ ಒಂದು ದೀಪ ನಮ್ಮ ಕೈಗೆ ಎಟುಕದೆ ಕಪ್ಪಗೇ ಉಳಿದಿತ್ತು. ಬಂದವರು ಅದೊಂದನ್ನು ಇಳಿಸಿಕೊಂಡು ಹೋದರು. ಅಷ್ಟಾದರೂ ಒಯ್ದರಲ್ಲ ಅಂತ ದೇವರಿಗೆ ಕೈ ಮುಗಿದೆ. ನನ್ನ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳಲು ಒಬ್ಬಳನ್ನು ಕೊಟ್ಟನಲ್ಲ, ಅದಕ್ಕೂ ಮುಗಿದೆ.

ಆಮೇಲೆ ಹಂಡೆಗಳನ್ನು ಒಲೆಯ ಹೊಗೆಗೆ ಇಟ್ಟು ನೋಡಿದೆ. ಹತ್ತಿದ್ದು ಬರೀ ಮಸಿ. ಬೆರಳು ಆಡಿಸಿದರೆ ಹೋಗುತ್ತಿತ್ತು. ಮತ್ತೆ ತೊಳೆದಿಟ್ಟೆ.

ಅಂಗಡಿ ಮುಚ್ಚುವುದೇ ಅಂತಾಗಿ ಗಡಿಗೆಗಳನ್ನು ಕುಂಬಾರರಿಗೆ ತಿರುಗಿ ಕೊಟ್ಟೆವು. ಕಡೆಗೆ ಬೆಳಗಾವಿಯಿಂದ ಮೋಡಕಾ, ಅಂದರೆ ಗುಜರಿ ಸಾಮಾನು ತೂಕಕ್ಕೆ ಕೊಳ್ಳುವ ಚಾಚಾ ಟೆಂಪೋ ತಂದರು. ಒಂದೊಂದೇ ಸಮೆ ಎತ್ತಿ ನೋಡಿ, “ಏನ್ ಚೊಕ್ಕ ಇಟ್ಟೀರಿ ಅಮ್ಮಾ! ಬಾಕಿ ಮಂದಿ ಹಂಗ ಕಿಲುಬ ಸಮೇತ ಕೊಡ್ತಾರ. ನಮಗ ತಿಕ್ಕೂ ಕೆಲಸ ತಪ್ಪಿತು” ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅವರಿಗೆ ಚಹಾ ಕೊಟ್ಟೆ. ನಮ್ಮ ಮನಿಯವರು ಆ ಕಡೆ ಮುಖ ಮಾಡಿ ದೊಡ್ಡ ಹಂಡೆಯನ್ನು ತಾವೇ ಟೆಂಪೋಕ್ಕೆ ಏರಿಸಿದರು.

ಮರುದಿನದಿಂದ ಅವರಿಗೆ ಬೆಳಗಾವಿಯ ಮಹಾಂತೇಶ ನಗರದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಒಂದು ಅಂಗಡಿಯಲ್ಲಿ ಗಿರಾಕಿಗಳಿಗೆ ಮಾಲು ತೋರಿಸುವ ಕೆಲಸ. ಏಳರ ಬಸ್ಸು. ಇಷ್ಟು ವರ್ಷ ಮಧ್ಯಾಹ್ನ ಅಂಗಡಿಯಿಂದ ಎದ್ದು ಬಂದು ಮನೆಯಲ್ಲೇ ಉಣ್ಣುತ್ತಿದ್ದರು. ರೊಟ್ಟಿ ಕಟ್ಟಿಕೊಡಲು ಹುಡುಕಿದರೆ ನಮ್ಮ ಮನೆಯಲ್ಲಿ ಒಂದೂ ಊಟದ ಡಬ್ಬಿ ಇರಲಿಲ್ಲ.